ಭಿಡೆ ಬಿಡಿ, ರೊಕ್ಕ ಖಾತೆಗೆ ಬರುವ ತನಕ ವಸ್ತು ಬಿಡಬೇಡಿ

ಮೊನ್ನೆ ಸಂಜೆ ನಮ್ಮ ಓಣಿಯ ಹುಡುಗನೊಬ್ಬ ಸ್ಟುಡಿಯೋಗೆ ಬಂದು ಮೂಲೆಯ ಸ್ಟೂಲ್ ಮೇಲೆ ಕೂತ. ಮಾತಿಲ್ಲ. ಚಹಾ ತರಿಸಿದೆ, ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಅಂದ, "ಅಣ್ಣಾ, ಲ್ಯಾಪ್‌ಟಾಪ್ ಹೋತು." ಕಳವಾಯ್ತಾ ಅಂತ ಕೇಳಿದೆ. "ಇಲ್ಲಣ್ಣ, ನಾನೇ ಕೈಯಾರೆ ಕೊಟ್ಟೆ."

ಇಂಜಿನಿಯರಿಂಗ್ ಓದುವ ಹುಡುಗ. ಅವರಪ್ಪ ತೊಗರಿ ಮಾರಿ ಬಂದ ರೊಕ್ಕದಲ್ಲಿ ಕೊಡಿಸಿದ್ದ ಲ್ಯಾಪ್‌ಟಾಪ್ ಅದು. ಫೀಸಿಗೆ ಬೇಕು ಅಂತ 52 ಸಾವಿರಕ್ಕೆ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ್ದ. ಕೊಳ್ಳುತ್ತೇವೆ ಅಂತ ಇಬ್ಬರು ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಬಂದರು. ಆನ್ ಮಾಡಿ ನೋಡಿದರು, ಚಾರ್ಜರ್ ಕೇಳಿ ಇಸಿದುಕೊಂಡರು. ಒಬ್ಬ ತನ್ನ ಫೋನ್ ತಿರುಗಿಸಿ ತೋರಿಸಿದ. ಹಸಿರು ಟಿಕ್ ಮಾರ್ಕ್. ಹುಡುಗನ ಪೂರ್ತಿ ಹೆಸರು. 52,000. ತಾರೀಖು, ಟೈಮು, ಉದ್ದದ ನಂಬರ್, ಎಲ್ಲ ಇತ್ತು. ಇವನ ಫೋನಿಗೆ ಮಾತ್ರ ಮೆಸೇಜ್ ಬರಲಿಲ್ಲ. "ಸರ್ವರ್ ಡೌನ್ ಅದ ತಮ್ಮಾ, ಹತ್ತು ಮಿನಿಟ್‌ದಾಗ ಬರ್ತದ. ನಮಗ ಟ್ರೇನ್ ಅದ" ಅಂದರು. ಬೈಕ್ ಹತ್ತಿದರು, ಹೋದರು. ರೊಕ್ಕ ಇವತ್ತಿಗೂ ಬಂದಿಲ್ಲ.

"ಹತ್ತು ನಿಮಿಷ ನಿಲ್ಲಿ ಅಂತ ಯಾಕೆ ಅನ್ನಲಿಲ್ಲ?" ಅಂತ ಕೇಳಿದೆ. ಅವನ ಉತ್ತರ ಕೇಳಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಹ್ಯಾಂಗ ಅನ್ನೋದಣ್ಣಾ. ನಿಮ್ಮನ್ನ ನಂಬಂಗಿಲ್ಲ ಅಂದಂಗ ಆಗ್ತದಲ್ಲ."

ಇದಕ್ಕೆ ನಮ್ಮ ಕಡೆ ಭಿಡೆ ಅಂತೀವಿ. ಎದುರಿಗಿದ್ದವರ ಮುಖ ಮುರಿಯಬಾರದು ಅನ್ನೋ ಸಂಕೋಚ. ಒಳ್ಳೆಯ ಗುಣವೇ. ಆದರೆ ಮೋಸಗಾರರಿಗೆ ಈ ಗುಣ ನಮಗಿಂತ ಚೆನ್ನಾಗಿ ಗೊತ್ತು. ಯುಪಿಐ ಗೊತ್ತಿಲ್ಲದ್ದಕ್ಕೆ ನಾವು ಮೋಸ ಹೋಗುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಹುಡುಗ ಕಂಪ್ಯೂಟರ್ ಸೈನ್ಸ್ ಓದುತ್ತಾನೆ, ಫೋನ್ ಬಗ್ಗೆ ನನಗಿಂತ ಜಾಸ್ತಿ ಗೊತ್ತು. "ಸ್ವಲ್ಪ ನಿಲ್ಲಿ" ಅನ್ನಲು ಬಾಯಿ ಬರಲಿಲ್ಲ ಅಷ್ಟೆ.

ಆ ಹಸಿರು ಟಿಕ್ ತೋರಿಸಲು ನಕಲಿ ಆ್ಯಪ್‌ಗಳಿವೆ. ಹೆಸರು, ಮೊತ್ತ ತುಂಬಿದರೆ ಸಾಕು, ಅಸಲಿ ಆ್ಯಪಿನಂತೆಯೇ ಪರದೆ ಬರುತ್ತದೆ, ಸದ್ದೂ ಬರುತ್ತದೆ. ಆದ್ದರಿಂದ ಕೊಳ್ಳುವವರ ಫೋನಿನಲ್ಲಿ ಏನು ಕಾಣುತ್ತದೆ ಅನ್ನುವುದು ನಮಗೆ ಬೇಡವೇ ಬೇಡ. ನಮ್ಮ ಬ್ಯಾಂಕ್ ಖಾತೆ ತೆರೆದು ಬ್ಯಾಲೆನ್ಸ್ ನೋಡಬೇಕು. ಎಸ್ಸೆಮ್ಮೆಸ್ ಬಂತು ಅಂತಲೂ ನಂಬಬೇಡಿ. ಬ್ಯಾಂಕಿನ ಮೆಸೇಜ್ ಅಕ್ಷರಗಳ ಹೆಸರಿನಿಂದ ಬರುತ್ತದೆ, ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಯುಪಿಐ, ಐಎಂಪಿಎಸ್ (ಖಾತೆಯಿಂದ ಖಾತೆಗೆ ತಕ್ಷಣ ರೊಕ್ಕ ಕಳಿಸುವ ಇನ್ನೊಂದು ದಾರಿ) ಎರಡೂ ಹಗಲು ರಾತ್ರಿ, ರಜೆ ದಿನವೂ ನಡೆಯುತ್ತವೆ. ಒಮ್ಮೊಮ್ಮೆ ತಡವಾಗುವುದು ನಿಜ. ತಡವಾದರೆ ಕಾಯಬೇಕಾದವರು ಅವರು, ಯಾಕಂದ್ರೆ ವಸ್ತು ಇನ್ನೂ ನಮ್ಮದು.

ನನ್ನದೇ ಒಂದು ಕಥೆ ಇದೆ. ನಾನು ಮದುವೆ ಫೋಟೋಗ್ರಾಫರ್. ಎರಡು ವರ್ಷದ ಹಿಂದೆ ನನ್ನ ಹಳೆಯ ಫುಲ್ ಫ್ರೇಮ್ ಕ್ಯಾಮೆರಾಗೆ 85 ಸಾವಿರ ಅಂತ ಜಾಹೀರಾತು ಹಾಕಿದೆ. ಕಾಲು ಗಂಟೆಯಲ್ಲಿ ಫೋನ್ ಬಂತು. ಹಿಂದಿಯವನು, ಬಹಳ ಮರ್ಯಾದೆಯ ಮಾತು. ಬೀದರಿನ ವಾಯುಪಡೆ ನೆಲೆಯಲ್ಲಿ ಕೆಲಸ, ಹೊರಗೆ ಬರಲು ಆಗುವುದಿಲ್ಲ, ರೊಕ್ಕ ಈಗಲೇ ಹಾಕುತ್ತೇನೆ, ನಾಳೆ ನಮ್ಮ ಗಾಡಿ ಬಂದು ಒಯ್ಯುತ್ತದೆ ಅಂದ. ಐಡಿ ಕಾರ್ಡ್ ಫೋಟೋ ಕಳಿಸಿದ. ಯೂನಿಫಾರ್ಮ್‌ನಲ್ಲಿರುವ ಫೋಟೋ ಕಳಿಸಿದ. ನಮ್ಮ ಬೀದರಿನಲ್ಲಿ ನಿಜವಾಗಿ ವಾಯುಪಡೆ ಇದೆಯಲ್ಲ, ನನಗೆ ಅನುಮಾನವೇ ಬರಲಿಲ್ಲ.

ಬರಬೇಕಿತ್ತು. ಅವನು ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಕೊತ್ತಂಬರಿ ಸಿವುಡಿಗೂ ನಾವು ಚೌಕಾಸಿ ಮಾಡುತ್ತೇವೆ, 85 ಸಾವಿರಕ್ಕೆ ಯಾರು ಸುಮ್ಮನಿರುತ್ತಾರೆ? ಮತ್ತೆ, ಹಳೆ ಕ್ಯಾಮೆರಾ ಕೊಳ್ಳುವವರು ಮೊದಲು ಕೇಳುವುದೇ ಶಟರ್ ಕೌಂಟ್ ಎಷ್ಟು, ಅಂದರೆ ಇಲ್ಲಿಯವರೆಗೆ ಎಷ್ಟು ಫೋಟೋ ತೆಗೆದಿದೆ ಅಂತ. ಅದನ್ನೂ ಕೇಳಲಿಲ್ಲ. ವಸ್ತುವಿನ ಬಗ್ಗೆ ಏನೂ ಕೇಳದವರಿಗೆ ವಸ್ತು ಬೇಕಾಗಿರುವುದಿಲ್ಲ.

ಮೊದಲು ಪರೀಕ್ಷೆಗೆ ಅಂತ ಒಂದು ಕ್ಯೂಆರ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ನನ್ನ ಖಾತೆಯಿಂದ 10 ರೂಪಾಯಿ ಹೋಯಿತು, ಮರುಕ್ಷಣ ಅವನಿಂದ 20 ಬಂತು. "ನೋಡಿ ಸರ್, ಡಬಲ್ ಬಂತಲ್ಲ, ನಮ್ಮ ಕಡೆ ಪದ್ಧತಿ ಹೀಗೇ" ಅಂದ. ಆಮೇಲೆ 85 ಸಾವಿರದ ಕ್ಯೂಆರ್ ಬಂತು. ಫೋನ್ ಕಟ್ ಮಾಡಲು ಬಿಡದೆ ಮಾತಾಡುತ್ತಲೇ ಇದ್ದ. ನನ್ನ ಹೆಬ್ಬೆರಳು ಪಿನ್‌ನ ಮೂರನೇ ಅಂಕಿ ಮೇಲಿತ್ತು. ಹಿಂದೆ ನಿಂತಿದ್ದ ನನ್ನ ಹೆಂಡತಿ ಪರದೆ ಓದಿ ಕೇಳಿದಳು, "ರೀ, ಅದರಾಗ ಪೇ ಅಂತ ಬರದದಲ್ಲ. ನಾವು ಕೊಡೋದಾ, ತಗೊಳ್ಳೋದಾ?"

ಫೋನ್ ಕೆಳಗಿಟ್ಟೆ. ಕೈ ನಡುಗುತ್ತಿತ್ತು.

ಯುಪಿಐ ಬಂದದ್ದು 2016ರಲ್ಲಿ. ಅಂದಿನಿಂದ ಇಂದಿನವರೆಗೆ ಒಂದು ಮಾತು ಬದಲಾಗಿಲ್ಲ. ರೊಕ್ಕ ತಗೊಳ್ಳಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಬೇಕಾಗುವುದು ರೊಕ್ಕ ಕಳಿಸಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ಒಬ್ಬರು ಇನ್ನೊಬ್ಬರಿಗೆ ರೊಕ್ಕ ಕೇಳಿ ರಿಕ್ವೆಸ್ಟ್ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಒಳ್ಳೆಯದಾಯ್ತು. ಆದರೆ ಕ್ಯೂಆರ್ ದಾರಿ ಹಾಗೇ ಇದೆ. "ನಿಮಗೆ ಗೊತ್ತಾಗ್ತಿಲ್ಲ, ನಾನು ಹೇಳಿಕೊಡ್ತೀನಿ" ಅಂತ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸುವವರೂ ಇದ್ದಾರೆ. ಅದನ್ನು ಹಾಕಿಕೊಂಡು ಅದರಲ್ಲಿ ಬರುವ ನಂಬರ್ ಹೇಳಿದರೆ ನಿಮ್ಮ ಪರದೆ ಅವರ ಕಣ್ಣ ಮುಂದೆ ಇದ್ದಂತೆ. ಸೈನಿಕರ ಹೆಸರು ಹೇಳಿ ಹೀಗೆ ಮಾಡುತ್ತಾರಲ್ಲ, ನನಗೆ ಅದೇ ಜಾಸ್ತಿ ಸಿಟ್ಟು. ನಮ್ಮ ಹಳ್ಳಿಗಳಿಂದ ಎಷ್ಟು ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ.

ಇನ್ನೊಂದು ಮೋಸ ನಿಧಾನಕ್ಕೆ ಕಚ್ಚುತ್ತದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಗೊತ್ತಿರುವ ಒಬ್ಬರು ಯಾದಗಿರಿಯಲ್ಲಿ ಐಫೋನ್ ಮಾರಿದರು. ರೊಕ್ಕ ನಿಜವಾಗಿಯೇ ಬಂತು, ಫೋನ್ ಕೊಟ್ಟರು, ಎಲ್ಲ ಸುಸೂತ್ರ. ತಿಂಗಳಾದ ಮೇಲೆ ಖಾತೆ ಹೋಲ್ಡ್ ಆಯಿತು. ಬ್ಯಾಂಕಿಗೆ ಹೋದರೆ ಬೇರೆ ರಾಜ್ಯದ ಸೈಬರ್ ಪೊಲೀಸರ ಪತ್ರ. ಕೊಂಡವನು ಕೊಟ್ಟ ರೊಕ್ಕ ಯಾರದೋ ಖಾತೆಯಿಂದ ಮೋಸದಲ್ಲಿ ಎಗರಿಸಿದ್ದು. ಅದು ದಾಟಿ ದಾಟಿ ಇವರ ಖಾತೆಗೆ ಬಂದಿತ್ತು. ಇವರ ತಪ್ಪೇನೂ ಇಲ್ಲ, ಆದರೆ ಅದನ್ನು ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅಂದಿನಿಂದ ನಾನು ಎದುರಿಗೆ ನಿಂತವರ ಹೆಸರಿನ ಖಾತೆಯಿಂದ ಮಾತ್ರ ರೊಕ್ಕ ತಗೊಳ್ಳುತ್ತೇನೆ. "ಗೆಳೆಯ ಹಾಕ್ತಾನೆ" ಅಂದರೆ ಆಗುವುದಿಲ್ಲ ಅನ್ನುತ್ತೇನೆ. ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆಯುತ್ತೇನೆ. ಇಂಥ ವಸ್ತು, ಇಂಥ ಸೀರಿಯಲ್ ನಂಬರ್, ಇಷ್ಟಕ್ಕೆ ಮಾರಿದೆ, ತಾರೀಖು, ಟೈಮು, ಇಬ್ಬರ ಸಹಿ. ಅವರ ಗುರುತಿನ ಚೀಟಿಯ ಝೆರಾಕ್ಸ್ ಇಟ್ಟುಕೊಳ್ಳುತ್ತೇನೆ. ಫೋನ್ ಆದರೆ *#06# ಒತ್ತಿ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರ್, ಬರೆದುಕೊಳ್ಳಿ. ಬಿಲ್ ನಮ್ಮ ಹೆಸರಲ್ಲಿರುತ್ತದೆ. ನಾಳೆ ಆ ಫೋನ್ ಯಾವುದೋ ಕೇಸಿನಲ್ಲಿ ಸಿಕ್ಕರೆ ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೆ.

ಜಾಹೀರಾತಿನಲ್ಲಿ ಆ ಬಿಲ್ಲಿನ ಫೋಟೋ ಹಾಕಬೇಡಿ. ವಿಳಾಸ, ಫೋನ್ ನಂಬರ್, ಸೀರಿಯಲ್ ನಂಬರ್ ಎಲ್ಲ ಅದರಲ್ಲಿರುತ್ತದೆ. ಅದೇ ಫೋಟೋ ಕದ್ದು ನಿಮ್ಮ ಹೆಸರಲ್ಲಿ ಇನ್ನೊಂದು ಜಾಹೀರಾತು ಹಾಕಿ, ಪಾಪ ಇನ್ಯಾರದೋ ಅಡ್ವಾನ್ಸ್ ನುಂಗುತ್ತಾರೆ.

ವಸ್ತು ಕೊಡುವ ಮೊದಲು ನಿಮ್ಮ ಖಾತೆಗಳಿಂದ ಲಾಗೌಟ್ ಆಗಿ, ಪೂರ್ತಿ ರೀಸೆಟ್ ಮಾಡಿ. ಆದರೆ ಇದೆಲ್ಲ ರೊಕ್ಕ ಬಂದ ಮೇಲೆ. ನಮ್ಮ ಕಸುಬಿನವರಿಗೆ ಒಂದು ಮಾತು: ಕ್ಯಾಮೆರಾದ ಜೊತೆ ಮೆಮೊರಿ ಕಾರ್ಡ್ ಕೊಡಲೇಬೇಡಿ. ಬರೀ ಡಿಲೀಟ್ ಮಾಡಿದ ಫೋಟೋ ಮತ್ತೆ ತೆಗೆಯಲು ಬರುತ್ತದೆ. ಅದರಲ್ಲಿರುವುದು ನಮ್ಮನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡವರ ಹೆಣ್ಣುಮಕ್ಕಳ ಫೋಟೋ.

ಮೋಸ ಆಗಿಯೇ ಹೋದರೆ? ಖಾತೆಯಿಂದ ರೊಕ್ಕ ಹೋಗಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಾ ಕೂರಬೇಡಿ. ರೊಕ್ಕ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲೇ ತಡೆಯಬಹುದು. ಆ ಹುಡುಗನಂತೆ ವಸ್ತುವೇ ಹೋಗಿದ್ದರೆ ತಡೆಯಲು ರೊಕ್ಕವೇ ಇಲ್ಲ. ಆಗ ಚಾಟ್, ಫೋನ್ ನಂಬರ್, ಜಾಹೀರಾತು, ಬಿಲ್ ಎಲ್ಲ ಹಿಡಿದು ನೇರ ಠಾಣೆಗೆ ಹೋಗಬೇಕು. ಇದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆ. ಆ ಹುಡುಗನನ್ನು ಮರುದಿನ ನಾನೇ ಠಾಣೆಗೆ ಕರೆದುಕೊಂಡು ಹೋದೆ. ಆ ಇಬ್ಬರು ಬಂದಿದ್ದ ಜಾಗದ ಅಂಗಡಿಗಳ ಸಿಸಿಟಿವಿ ಕೇಳಿದ್ದೇವೆ. ಅವರಪ್ಪನಿಗೂ ಅವನು ಹೇಳಿದ್ದಾನೆ. ಅದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಹೋದ ತಿಂಗಳು ನಾನೊಂದು 70-200 ಲೆನ್ಸ್ ಮಾರಿದೆ. ಕೊಳ್ಳಲು ಬಂದವನು ಆಳಂದದ ಹುಡುಗ, ಈಗಷ್ಟೇ ಕೆಲಸ ಶುರು ಮಾಡಿದ್ದಾನೆ. ನನ್ನ ಖಾತೆ ಇರುವ ಬ್ಯಾಂಕಿಗೇ ಹಗಲು ಹೊತ್ತು ಬರಲು ಹೇಳಿದ್ದೆ. ಅವನು ಹಾಕಿದ ರೊಕ್ಕ ಬರಲು ತಡವಾಯಿತು. ಮೊದಲಾಗಿದ್ದರೆ ನಾನೇ "ಇರಲಿ ಬಿಡಪ್ಪ, ಒಯ್ಯಿ" ಅನ್ನುತ್ತಿದ್ದೆ. ಈ ಸಲ ಅನ್ನಲಿಲ್ಲ. "ತಮ್ಮಾ, ಬರೋ ತನಕ ಇಬ್ಬರೂ ಕೂಡೋಣು" ಅಂದೆ. ಅವನು ಬೇಜಾರೇ ಮಾಡಿಕೊಳ್ಳಲಿಲ್ಲ. "ಕೂಡ್ರಿ ಸರ್ರ, ನನಗೂ ಅದೇ ಚಲೋ. ನಿಮ್ಮ ಬಿಲ್ ನೋಡಬೇಕಿತ್ತು, ಕೇಳಾಕ ಭಿಡೆ ಆಗಿತ್ತು" ಅಂದ. ಬಿಲ್ ಕೊಟ್ಟೆ. ಲೆನ್ಸ್ ಮೇಲಿನ ನಂಬರ್ ಮತ್ತು ಬಿಲ್ಲಿನ ನಂಬರ್ ಒಂದೊಂದೇ ಅಂಕಿ ತಾಳೆ ಹಾಕಿದ. ನಲವತ್ತು ನಿಮಿಷದ ಮೇಲೆ ರೊಕ್ಕ ಬಂತು.

ಕಲಬುರಗಿಯಲ್ಲಿ ಯಾರಾದರೂ ಫೋನ್, ಲ್ಯಾಪ್‌ಟಾಪ್, ಕ್ಯಾಮೆರಾ ಮಾರುವವರಿದ್ದು, ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನನಗೆ ಮೆಸೇಜ್ ಮಾಡಿ. ಮಧ್ಯಾಹ್ನ ಮೂರರಿಂದ ಐದರವರೆಗೆ ಸ್ಟುಡಿಯೋ ಖಾಲಿ ಇರುತ್ತದೆ. ಕೊಳ್ಳುವವರನ್ನು ಇಲ್ಲಿಗೇ ಕರೆಯಿರಿ. "ಸ್ವಲ್ಪ ನಿಲ್ಲಿ" ಅನ್ನುವುದನ್ನು ನಾನು ಹೇಳುತ್ತೇನೆ.