ತಾತನ ಪಾಪ, ಮೊಮ್ಮಗನ ಪಾಲು

"ತಾತ ಮಾಡಿದ ಪಾಪಕ್ಕೆ ಮೊಮ್ಮಗ ಯಾಕೆ ತಲೆ ತಗ್ಗಿಸಬೇಕು?" ಹಿಟ್ಲರ್‌ನ ನಾಜಿಗಳ ಕಾಲದಲ್ಲಿ ಜರ್ಮನಿ ಲಕ್ಷಾಂತರ ಯಹೂದಿಗಳನ್ನು ಕೊಂದ ಮಾತು ಬಂದಾಗೆಲ್ಲ ಯಾರಾದರೂ ಹೀಗೆ ಕೇಳುತ್ತಾರೆ. ತಗ್ಗಿಸಬೇಕಿಲ್ಲ, ಸರಿ. ಹಾಗಂತ ತನಗೇನೂ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ನನಗೆ ಇದು ಅರ್ಥವಾದದ್ದು ಫ್ರಿಟ್ಸ್ ಬಾವರ್ ಬಗ್ಗೆ ಓದಿದ ಮೇಲೆ.

ಬಾವರ್ 1903ರಲ್ಲಿ ಸ್ಟುಟ್‌ಗಾರ್ಟ್‌ನ ಯಹೂದಿ ಮನೆಯಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ನ್ಯಾಯಾಧೀಶರಾದರು. 1933ರಲ್ಲಿ ಹಿಟ್ಲರ್ ಬಂದ, ಇವರನ್ನು ನಾಜಿಗಳ ಸೆರೆ ಕ್ಯಾಂಪಿಗೆ ಹಾಕಿದರು. ಬಿಡುಗಡೆಯಾದ ಮೇಲೆ ಡೆನ್ಮಾರ್ಕ್‌ಗೆ, ಅಲ್ಲಿಂದ ಸ್ವೀಡನ್‌ಗೆ ತಪ್ಪಿಸಿಕೊಂಡು ಹೋದರು. ಯುದ್ಧ ಮುಗಿದ ಮೇಲೆ ಅಲ್ಲೇ ಆರಾಮಾಗಿ ಇರಬಹುದಿತ್ತು. ಪುಣ್ಯಾತ್ಮ 1949ರಲ್ಲಿ ಜರ್ಮನಿಗೇ ವಾಪಸ್ ಬಂದು ಸರ್ಕಾರಿ ವಕೀಲರಾದರು. ಕೋರ್ಟುಗಳಲ್ಲಿ ಆಗಲೂ ನಾಜಿ ಕಾಲದ ಜಡ್ಜುಗಳೇ ಎಷ್ಟೋ ಜನ ಕೂತಿದ್ದರು. ಯಹೂದಿಗಳನ್ನು ಸಾವಿನ ಕ್ಯಾಂಪುಗಳಿಗೆ ಸಾಗಿಸೋ ಕೆಲಸ ನೋಡಿಕೊಂಡಿದ್ದ ನಾಜಿ ಅಧಿಕಾರಿ ಐಕ್‌ಮನ್ ಅರ್ಜೆಂಟೀನಾದಲ್ಲಿದ್ದಾನೆ ಅನ್ನೋ ಸುಳಿವು ಸಿಕ್ಕಾಗ ಬಾವರ್ ಸ್ವಂತ ದೇಶದ ಅಧಿಕಾರಿಗಳನ್ನು ನಂಬಲಿಲ್ಲ. ಒಳಗಿನವರೇ ಅವನಿಗೆ ಸುದ್ದಿ ಮುಟ್ಟಿಸಿಬಿಟ್ಟರೆ? 1957ರಲ್ಲಿ ಗುಟ್ಟಾಗಿ ಇಸ್ರೇಲ್‌ಗೆ ಹೇಳಿದರು.

ಬಾವರ್ ಪಟ್ಟು ಹಿಡಿದದ್ದರಿಂದ 1963ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ, ನಾಜಿಗಳ ಸಾವಿನ ಕ್ಯಾಂಪು ಆಶ್ವಿಟ್ಜ್‌ನಲ್ಲಿ ಕೆಲಸ ಮಾಡಿದವರ ವಿಚಾರಣೆ ಶುರುವಾಯಿತು. ಕಟಕಟೆಯಲ್ಲಿ ನಿಂತವರನ್ನು ನೋಡಿ. ಒಬ್ಬ ಔಷಧಿ ಅಂಗಡಿ ಇಟ್ಟಿದ್ದವನು. ಇನ್ನೊಬ್ಬ ಓಸ್ವಾಲ್ಡ್ ಕಾಡುಕ್, ಕ್ಯಾಂಪಿನಲ್ಲಿ ಕೈದಿಗಳನ್ನು ಹೊಡೆದು ಕೊಂದವನು. ಯುದ್ಧದ ನಂತರ ಬರ್ಲಿನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ. ರೋಗಿಗಳು ಅವನನ್ನು ಪ್ರೀತಿಯಿಂದ "ಪಾಪಾ ಕಾಡುಕ್" ಅನ್ನುತ್ತಿದ್ದರಂತೆ! ಜನ ಉರಿದುಬಿದ್ದದ್ದು ಇದಕ್ಕೇ ಅನ್ನಿಸುತ್ತೆ. ರಾಕ್ಷಸರನ್ನು ತೋರಿಸಿದ್ದರೆ ಯಾರಿಗೂ ಬೇಜಾರಿರಲಿಲ್ಲ. ಬಾವರ್ ಪಕ್ಕದ ಮನೆಯವರನ್ನು ತೋರಿಸಿದರು. "ಯಹೂದಿ ಸೇಡು ತೀರಿಸಿಕೊಳ್ತಿದ್ದಾನೆ" ಅಂದವರಿದ್ದರು, ಬೆದರಿಕೆ ಪತ್ರಗಳೂ ಬಂದವು. ಬಾವರ್‌ಗೆ ಬೇಕಿದ್ದದ್ದು ಸೇಡಲ್ಲ. ತಪ್ಪು ಆದೇಶ ಬಂದಾಗ "ಆಗಲ್ಲ" ಅನ್ನೋದು ಪ್ರತಿಯೊಬ್ಬನ ಕರ್ತವ್ಯ ಅನ್ನೋದಷ್ಟೇ ಅವರ ವಾದ.

ಈಗಿನ ಜರ್ಮನಿ ಇದನ್ನೆಲ್ಲ ಮರೆತಿಲ್ಲ. ನಾಜಿಗಳ ಕೈಯಲ್ಲಿ ಸತ್ತವರ ಹೆಸರಿನ ಹಿತ್ತಾಳೆ ಕಲ್ಲುಗಳು ಬೀದಿಗಳಲ್ಲಿವೆ, ಮಕ್ಕಳನ್ನು ಕ್ಯಾಂಪುಗಳಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಿಜಕ್ಕೂ ದೊಡ್ಡ ಕೆಲಸ. ಅಲ್ಲಿನ ಯಹೂದಿಗಳಿಗೆ ಈಗಲೂ ಇರೋ ಭಯವೂ ಸುಳ್ಳಲ್ಲ. 2019ರಲ್ಲಿ ಹಾಲೆ ಊರಿನ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಮೇಲೆ ಒಬ್ಬ ಬಂದೂಕು ಹಿಡಿದು ದಾಳಿ ಮಾಡಿದಾಗ ಬಾಗಿಲು ಗಟ್ಟಿಯಾಗಿದ್ದದ್ದಕ್ಕೆ ಒಳಗಿದ್ದವರು ಬದುಕಿದರು.

ನನಗೆ ಕಿರಿಕಿರಿಯಾಗೋದು ಬೇರೆ ಕಡೆ. 2023ರ ಡಿಸೆಂಬರ್‌ನಲ್ಲಿ ಬ್ರೆಮೆನ್‌ನಲ್ಲಿ ಪತ್ರಕರ್ತೆ-ಲೇಖಕಿ ಮಾಶಾ ಗೆಸೆನ್‌ಗೆ, ಯಹೂದಿ ಚಿಂತಕಿಯ ಹೆಸರಿನ ಹನ್ನಾ ಅರೆಂಟ್ ಪ್ರಶಸ್ತಿ ಕೊಡಬೇಕಿತ್ತು. ಗೆಸೆನ್ ಯಹೂದಿ. ಗಾಜಾವನ್ನು ನಾಜಿ ಕಾಲದ ಯಹೂದಿ ಘೆಟ್ಟೋಗಳಿಗೆ (ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗಳಿಗೆ) ಹೋಲಿಸಿ ಬರೆದರು ಅಂತ ಪ್ರಶಸ್ತಿಗೆ ಜೊತೆಯಾಗಿದ್ದ ಹೈನ್ರಿಶ್ ಬೋಲ್ ಪ್ರತಿಷ್ಠಾನ ಹಿಂದೆ ಸರಿಯಿತು, ಬ್ರೆಮೆನ್ ಸರ್ಕಾರವೂ ಕೈಬಿಟ್ಟಿತು. ಕೊನೆಗೆ ಸಣ್ಣ ಕಾರ್ಯಕ್ರಮ ಮಾಡಿ ಪ್ರಶಸ್ತಿ ಕೊಟ್ಟರು. ಆ ಹೋಲಿಕೆ ನನಗೂ ಪೂರ್ತಿ ಒಪ್ಪಿಗೆಯಿಲ್ಲ, ಅದು ಬೇರೆ ವಿಷಯ. ತಪ್ಪು ಅನ್ನಿಸಿದರೆ ಎದುರು ಕೂತು ಜಗಳ ಆಡಲಿ, ಬೇಕಾದರೆ ನಾಲ್ಕು ಪುಟ ಬರೆಯಲಿ. ಅದು ಬಿಟ್ಟು, ತಾತನ ಪಾಪದ ಹೊಣೆ ಹೊತ್ತಿದ್ದೀವಿ ಅನ್ನೋ ಹೆಸರಲ್ಲಿ ಯಹೂದಿಯೊಬ್ಬರಿಗೇ ಯಾವುದನ್ನು ಯಾವುದಕ್ಕೆ ಹೋಲಿಸಬಹುದು ಅಂತ ಪಾಠ ಹೇಳೋಕೆ ಹೊರಟರೆ ಸ್ವಲ್ಪ ಅತಿಯಾಯಿತು, ಅಲ್ವಾ?