ಅಜ್ಜಿಗೆ ಆಟ ಕಲಿಸಲು ಬಂದವನು

ಈಗಷ್ಟೇ ಮನೆಗೆ ಬಂದೆ. ರಾತ್ರಿ ಒಂದೂವರೆ. ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಶುಕ್ರವಾರದ ಚಟ ನಿಮಗೆಲ್ಲ ಗೊತ್ತಿರುವುದೇ. ಸ್ಯಾನ್ ಹೊಸೆಯ ಕಾರ್ಡ್ ರೂಮು, ಒಂದು-ಮೂರು ಡಾಲರಿನ ಹೋಲ್ಡೆಮ್ ಮೇಜು, 200 ಡಾಲರಿನ ಚಿಪ್ಸು (ದುಡ್ಡಿನ ಬದಲು ಇಡುವ ಬಿಲ್ಲೆ). ಹೋಲ್ಡೆಮ್ ಅಂದರೆ ಪೋಕರಿನ ಒಂದು ಬಗೆ: ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು; ಒಂದು-ಮೂರು ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಇಡಬೇಕಾದ ಪಣ. ಅಷ್ಟು ಹೋದರೆ ಎದ್ದು ಬರುತ್ತೇನೆ. (ಸಾಮಾನ್ಯವಾಗಿ.) ಕ್ಯಾಸಿನೊ ಅಂದ ಕೂಡಲೇ ಗೋವಾದ ಹಡಗು ನೆನಸಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಕಾರ್ಡ್ ರೂಮುಗಳಲ್ಲಿ ಸ್ಲಾಟ್ ಮೆಷಿನ್ ಇಡುವ ಹಾಗೇ ಇಲ್ಲ. ಇರುವುದು ಮೇಜು, ಎಲೆ, ಕುರ್ಚಿ ಪಕ್ಕದ ತಳ್ಳುವ ಸ್ಟೂಲಿನ ಮೇಲೆ ನೂಡಲ್ಸ್ ಸೂಪು, ಸ್ವೆಟರ್ ಹಾಕಿಕೊಂಡ ಮುದುಕರು.

ಇವತ್ತು ನನ್ನ ಎಡಕ್ಕೆ ಒಬ್ಬರು ವಿಯೆಟ್ನಾಮಿ ಅಜ್ಜಿ. ಎಂಬತ್ತರ ಹತ್ತಿರ ಇರಬಹುದು. ಎದುರಿಗೆ ಒಬ್ಬ ಹುಡುಗ. ರಾತ್ರಿ ಹತ್ತು ಗಂಟೆಗೆ, ಸೂರಿನ ಕೆಳಗೆ, ಕೂಲಿಂಗ್ ಗ್ಲಾಸು. ಕಿವಿ ಮೇಲೆ ದೊಡ್ಡ ಹೆಡ್‌ಫೋನು. ನಲವತ್ತು ಡಾಲರಿಗೆ ಎರಡು ನಿಮಿಷ ಯೋಚನೆ. ಲಾಸ್ ವೇಗಸ್ಸಿನಲ್ಲಿ ಟೀವಿ ಕ್ಯಾಮೆರಾ ಮುಂದೆ ಕೂತಿದ್ದೇನೆ ಅಂದುಕೊಂಡಿದ್ದ, ಪಾಪ.

ಅವನು ಪಣ 15 ಡಾಲರಿಗೆ ಏರಿಸಿದ. ಅಜ್ಜಿ ಸುಮ್ನೆ ಐದೈದರ ಮೂರು ಕೆಂಪು ಚಿಪ್ಸು ತಳ್ಳಿದರು. ಮೇಜಿನ ಮೇಲೆ ರಾಜ, ಎಂಟು, ಐದು ಬಿತ್ತು. ಅವನು ಹಾಕಿದ್ದಕ್ಕೆಲ್ಲ ಅಜ್ಜಿ ಸಮ ಹಾಕುತ್ತಾ ಹೋದರು. ಕೊನೆಯ ಎಲೆ ಬಿದ್ದಾಗ ಅವನು ಇದ್ದದ್ದೆಲ್ಲ ನೂಕಿದ. ಅಜ್ಜಿ ಒಂದು ಕ್ಷಣವೂ ಕಾಯಲಿಲ್ಲ. ಇವನದು ಎರಡು ಎಕ್ಕ, ಒಂದೇ ಜೋಡಿ. ಅಜ್ಜಿಯದು ಎಂಟು ಮತ್ತು ಐದು, ಎರಡು ಜೋಡಿ. ಮುಗೀತು.

ಶುರುವಾಯಿತು ನೋಡಿ ಪಾಠ. "ಎಂಟು-ಐದು ಹಿಡಿದುಕೊಂಡು ಹದಿನೈದು ಡಾಲರ್ ಯಾರು ಕೊಡ್ತಾರೆ? ಯಾವ ಲೆಕ್ಕ ಇದು?" ಇಂಗ್ಲಿಷಿನಲ್ಲಿ, ಜೋರಾಗಿ, ಹತ್ತು ನಿಮಿಷ. ಅಜ್ಜಿ ಚಿಪ್ಸು ಜೋಡಿಸುತ್ತಾ ನಗುತ್ತಿದ್ದರು. ಆಮೇಲೆ ಮುಂದಿನ ಎಲೆ ಹಂಚಿದ ಮೇಲೂ ನಿಲ್ಲಿಸದೆ, ಪಕ್ಕದ ಗೆಳೆಯನ ಕಡೆ ತಿರುಗಿ ಅಂದ: "ಮುದುಕಿಗೆ ಏನೂ ಗೊತ್ತಿಲ್ಲ ಮಗಾ, ಬರೀ ಲಕ್ಕು."

ಅಚ್ಚ ಬೆಂಗಳೂರು ಕನ್ನಡ!

ನನಗೆ ತಡೆಯಲಾಗಲಿಲ್ಲ. "ನಿನ್ನ ಸರದಿ ಕಣಪ್ಪ. ಬಾಯಿ ಮುಚ್ಚಿಕೊಂಡು ಆಡು" ಅಂದೆ. ಕೂಲಿಂಗ್ ಗ್ಲಾಸು ಮೂಗಿನ ತುದಿಗೆ ಬಂತು. ಆದರೆ ಬೈಸಿಕೊಂಡಿದ್ದು ಯಾರು ಗೊತ್ತಾ? ನಾನು. ಆಟ ನಡೆಯುವಾಗ ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು, ಗುಟ್ಟಾಗಿ ಎಲೆ ಹೇಳಿಕೊಂಡರೆ ಅಂತ. "ಇಂಗ್ಲಿಷ್ ಓನ್ಲಿ, ಮ್ಯಾಮ್" ಅಂದ ಎಲೆ ಹಂಚುವ ಡೀಲರು. ಅವನು ಶುರು ಮಾಡಿದ್ದು, ಸಿಕ್ಕಿಬಿದ್ದದ್ದು ನಾನು!

ಈಗ ನೀವು ಹೇಳುತ್ತೀರಿ, ಹುಡುಗನ ಲೆಕ್ಕ ಸರಿಯೇ ಅಲ್ವಾ ಅಂತ. ಸರಿಯೇ. ಎರಡು ಎಕ್ಕದ ಎದುರು ಎಂಟು-ಐದು ಇಟ್ಟರೆ ಹತ್ತರಲ್ಲಿ ಸುಮಾರು ಎಂಟು ಸಲ ಎಕ್ಕವೇ ಗೆಲ್ಲುತ್ತದೆ. ಉಳಿದ ಎರಡು ಸಲ ಎಲ್ಲಿಗೆ ಹೋಗಬೇಕು, ಅವನ ತಾತನ ಮನೆಗಾ? ಪೋಕರ್ ಅದೃಷ್ಟದ ಆಟ ಅಲ್ಲ, ಜಾಣತನದ ಆಟ ಅಂತಾರೆ. ಆಯ್ತು, ಒಪ್ಪಿದೆ. ಹಾಗಿದ್ದರೆ ಅಜ್ಜಿ ಇವನ ಅನ್ನದಾತೆ. ಆ ಎಂಟು ಸಲದ ದುಡ್ಡು ಅವರಿಂದಲೇ ಬರಬೇಕು. ಅವರಿಗೇ ಬುದ್ಧಿ ಹೇಳಿ ಎಬ್ಬಿಸಿ ಕಳಿಸುವುದು ಎಂಥ ಜಾಣತನ? ಹಾಲು ಕರೆಯೋ ಎಮ್ಮೆಗೆ ಬಡಿಗೆ ತಗೊಂಡ ಹಾಗೆ. (ಅಜ್ಜಿ, ಕ್ಷಮಿಸಿ.)

ಇನ್ನು ಇವನು ಯಾವ ಮಹಾ ಗೆಲ್ಲುತ್ತಾನೆ? ನಮ್ಮ ಮೇಜಿನಲ್ಲಿ ಒಂದೊಂದು ಆಟಕ್ಕೆ 6 ಡಾಲರ್ ಕಮಿಷನ್ ಕತ್ತರಿಸುತ್ತಾರೆ. ಈ ರಾಜ್ಯದಲ್ಲಿ ಶೇಕಡಾ ಲೆಕ್ಕದಲ್ಲಿ ತೆಗೆಯುವ ಹಾಗಿಲ್ಲ, ಎಷ್ಟು ಅಂತ ಮೊದಲೇ ಗೊತ್ತು ಮಾಡಿರಬೇಕು. ಗಂಟೆಗೆ ಮೂವತ್ತು ಆಟ ಅಂದರೆ 180 ಡಾಲರ್. ಒಂಬತ್ತು ಜನಕ್ಕೆ ಹಂಚಿದರೆ ಗಂಟೆಗೆ ತಲಾ 20. ಗೆದ್ದಾಗ ಡೀಲರಿಗೆ ಟಿಪ್ಸು ಬೇರೆ. ಒಂದು-ಮೂರರ ಮೇಜಿನಲ್ಲಿ ಪ್ರತಿ ರಾತ್ರಿ ಗೆಲ್ಲುವುದು ಈ ಕಮಿಷನ್ ಬೀಳುವ ಮೇಜಿನ ಕೆಳಗಿನ ಡಬ್ಬಿ ಒಂದೇ. ಅಜ್ಜಿಗೆ ಇದು ಗೊತ್ತು. ಸೂಪು ಕುಡಿಯುತ್ತಾ, ಜನರ ಮುಖ ನೋಡುತ್ತಾ ಕೂರುವುದಕ್ಕೆ ಬರುತ್ತಾರೆ. ಗೊತ್ತಿಲ್ಲದೆ ಇರುವುದು ಹೆಡ್‌ಫೋನಿನವನಿಗೆ.

ನಾನು ಎಲೆ ಹಿಡಿಯಲು ಕಲಿತದ್ದು ತಿಪಟೂರಿನಲ್ಲಿ, ಸೋದರತ್ತೆಯ ಹತ್ತಿರ. ಕರೆಂಟು ಹೋದಾಗ ಲಾಟೀನು ಬೆಳಕಲ್ಲಿ ರಮ್ಮಿ, ಪಣಕ್ಕೆ ಹುಣಸೆ ಬೀಜ. ಅತ್ತೆಯದು ಒಂದೇ ಕಾನೂನು: ಸೋತವರು ಬೀಜ ಎಣಿಸಿ ಕೊಟ್ಟು, ತುಟಿ ಬಿಚ್ಚದೆ ಎಲೆ ಕಲೆಸಬೇಕು. ಇವನಿಗೆ ಇಂಥ ಒಬ್ಬ ಅತ್ತೆ ಸಿಗಲಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಒಬ್ಬ ಟ್ರಕ್ ಡ್ರೈವರಿಗೆ, ಇದೇ ಥರ, ಸ್ವಲ್ಪ ಸಣ್ಣ ದನಿಯಲ್ಲಿ. ಆತ ಏನೂ ಹೇಳದೆ ಚಿಪ್ಸು ತುಂಬಿಕೊಂಡು ಎದ್ದು ಹೋದ. ಅವನ ಕುರ್ಚಿ ಅರ್ಧ ಗಂಟೆ ಖಾಲಿ ಇತ್ತು. ಅವತ್ತು ಹೋದದ್ದು 340, ಮನೆಯಲ್ಲಿ ಹೇಳಿದ್ದು 100. ನಮ್ಮ ಮನೆಯವರು ಇದನ್ನು ಓದುತ್ತಾರೆ. ಓದಲಿ.

ಹುಡುಗ ಇನ್ನೂ 200 ಹಾಕಿ ಕೂತ. ಅಜ್ಜಿ ಮತ್ತೊಂದು ಸೂಪು ಹೇಳಿದರು. ಹನ್ನೆರಡೂ ಮುಕ್ಕಾಲಿಗೆ ನನಗೆ ಎರಡು ರಾಜ ಬಂದವು. ಇದ್ದ 140 ಪೂರ್ತಿ ಇಟ್ಟೆ. ಸಮ ಹಾಕಿದ್ದು ಅಜ್ಜಿ ಒಬ್ಬರೇ. ಅವರ ಕೈಯಲ್ಲಿ ಒಂಬತ್ತು, ನಾಲ್ಕು. ಬಿತ್ತು ನೋಡಿ ಒಂಬತ್ತು, ಹಿಂದೆಯೇ ಇನ್ನೊಂದು ಒಂಬತ್ತು. ಮೂರು ಒಂಬತ್ತರ ಮುಂದೆ ನನ್ನ ರಾಜರು ಸೋತರು.

"ನೈಸ್ ಹ್ಯಾಂಡ್" ಅಂದೆ. ನಕ್ಕೆ ಕೂಡ. ಪಾರ್ಕಿಂಗಿಗೆ ನಡೆದು, ಕಾರು ಹತ್ತಿ, ಕಿಟಕಿ ಗಾಜು ಏರಿಸಿಕೊಂಡು ಹೈವೇ ಮುಟ್ಟುವವರೆಗೂ ಆ ಅಜ್ಜಿಗೆ ತಿಪಟೂರಿನ ಕನ್ನಡದಲ್ಲಿ ಬೈದೆ.