ದೇವರ ವಯಸ್ಸು: ಒಂದು ಸ್ಪಷ್ಟನೆ

‘ಬ್ರಹ್ಮಾಂಡಕ್ಕೆ ಸುಮಾರು 1,380 ಕೋಟಿ ವರ್ಷ, ದೇವರು ನಿತ್ಯ ಎಂದರೆ ಅದಕ್ಕಿಂತಲೂ ಹಳಬ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಅಂಕಿ ಸರಿ, ಅರ್ಥ ತಪ್ಪು. ವಯಸ್ಸು ಎಣಿಸಲು ಹುಟ್ಟಿದ ಗಳಿಗೆಯೊಂದು ಬೇಕು. ನಿತ್ಯವಾದದ್ದಕ್ಕೆ ಅದೇ ಇಲ್ಲ.

ಹಾಗೆಂದು ಆದಿಯಿಲ್ಲದ್ದೆಲ್ಲ ನಿತ್ಯವೂ ಅಲ್ಲ. ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ಮಡಕೆಯನ್ನೇ ನೋಡಿ (ತರ್ಕಶಾಸ್ತ್ರದಲ್ಲಿ ಅದರಷ್ಟು ದುಡಿದ ವಸ್ತು ಇನ್ನೊಂದಿಲ್ಲ). ಕುಂಬಾರ ಅದನ್ನು ಮಾಡುವ ಮುನ್ನ ಅದು ಇರಲಿಲ್ಲ. ಆ ಇಲ್ಲದಿರುವಿಕೆಗೆ ಆರಂಭವಿಲ್ಲ, ಆದರೆ ಮಡಕೆ ಸಿದ್ಧವಾದೊಡನೆ ಅದು ಮುಗಿಯಿತು. ಇದು ಪ್ರಾಗಭಾವ. ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆಗೆ ಆರಂಭವಿದೆ, ಕೊನೆಯಿಲ್ಲ. ಇದು ಪ್ರಧ್ವಂಸಾಭಾವ. ನಿತ್ಯಕ್ಕೆ ಎರಡೂ ತುದಿಗಳಿರಬಾರದು.

ಶಂಕರರು ಇನ್ನೂ ಮುಂದೆ ಹೋಗಿ, ಬದಲಾಗುತ್ತಲೇ ಉಳಿಯುವ ಪರಿಣಾಮಿನಿತ್ಯವನ್ನೂ ಬದಲಾಗದೆ ಉಳಿಯುವ ಕೂಟಸ್ಥನಿತ್ಯವನ್ನೂ ಬೇರ್ಪಡಿಸಿದರು, ಪರಮ ತತ್ತ್ವವಾದ ಬ್ರಹ್ಮ ಎರಡನೆಯದು. 6ನೇ ಶತಮಾನದ ರೋಮನ್ ತತ್ತ್ವಜ್ಞಾನಿ ಬೋಯೆಥಿಯಸ್ ಪ್ರಕಾರ, ದೇವರಿಗೆ ನಿನ್ನೆ ನಾಳೆಗಳು ಒಂದರ ಹಿಂದೊಂದು ಬರುವುದಿಲ್ಲ, ಎಲ್ಲವೂ ಒಟ್ಟಿಗೇ ಇವೆ. ಇಲ್ಲ, ದೇವರೂ ಕಾಲದೊಳಗೇ ಇದ್ದಾನೆ, ಆದಿ ಅಂತ್ಯಗಳಿಲ್ಲ ಅಷ್ಟೇ ಎನ್ನುವ ಚಿಂತಕರೂ ಇದ್ದಾರೆ.

ಇದಾವುದೂ ದೇವರಿದ್ದಾನೆ ಎಂಬುದಕ್ಕೆ ಪುರಾವೆಯಲ್ಲ. ಇಲ್ಲಿ ಹೇಳಿದ್ದು ಪದದ ಅರ್ಥವನ್ನು ಮಾತ್ರ.